ಒಪ್ಪು ಹಾಕುವ ಮುನ್ನ: ಕೇಳಿದ ಮಾತು ಒಂದೇ, ಅರ್ಥ ಮಾತ್ರ ಬೇರೆ

ಕಾಸರಗೋಡು: ಕುಂಬಳೆ ಕಡೆಯ ಅಡಿಕೆ ಕೃಷಿಕರೊಬ್ಬರು ತಂದೆಯ ಕಾಲಾನಂತರ ಜಾಗವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಗ್ರಾಮ ಕಚೇರಿಗೆ ಹೋಗಿದ್ದಾರೆ ಎಂದಿಟ್ಟುಕೊಳ್ಳಿ. ಮೇಜಿನ ಆಚೆಯಿಂದ "ಆಧಾರಂ ಕೊಂಡುವನ್ನಿಟ್ಟುಂಡೋ?" ಎಂಬ ಪ್ರಶ್ನೆ ಬರುತ್ತದೆ. ಕೃಷಿಕರು ಕಿಸೆಯಿಂದ ಆಧಾರ್ ಕಾರ್ಡನ್ನು ತೆಗೆದು ಮುಂದಿಡುತ್ತಾರೆ. ಆಚೆ ಕಡೆಯವರು ಅಲ್ಲವೆಂದು ತಲೆಯಾಡಿಸುತ್ತಾರೆ. ಅವರು ಕೇಳಿದ್ದು ಕಾರ್ಡನ್ನಲ್ಲ, ಜಾಗದ ದಸ್ತಾವೇಜನ್ನು. ಅದು ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಮತ್ತೆ ಬಸ್ಸು, ಮತ್ತೆ ಸರದಿ, ಮತ್ತೊಂದು ದಿನದ ಕೆಲಸ ಹಾಳು.

ಇಲ್ಲಿ ಯಾರದೂ ತಪ್ಪಿಲ್ಲ. ಕನ್ನಡದಲ್ಲಿ ಆಧಾರ ಎಂದರೆ ಆಸರೆ, ಇಲ್ಲವೇ ಪುರಾವೆ. ಮಲಯಾಳದಲ್ಲಿ ಆಧಾರಂ ಎಂದರೆ ನೋಂದಣಿಯಾದ ಭೂಮಿಯ ಪತ್ರ. 2010ರಿಂದ ಈಚೆಗೆ ಗುರುತಿನ ಚೀಟಿಯೂ ಅದೇ ಹೆಸರು ಹೊತ್ತು ಬಂದ ಮೇಲೆ ಒಂದು ಮಾತಿಗೆ ಮೂರು ಅರ್ಥಗಳಾದವು. ಗೊತ್ತಿಲ್ಲದ ಮಾತು ಕೇಳಿದಾಗ ಮನುಷ್ಯ "ಏನೆಂದಿರಿ?" ಎಂದು ವಿಚಾರಿಸುತ್ತಾನೆ. ಗೊತ್ತಿರುವ ಮಾತು ಕೇಳಿದಾಗ ವಿಚಾರಿಸುವುದಿಲ್ಲ. ಗಡಿನಾಡಿನ ಕನ್ನಡಿಗರು ಎಡವುವುದು ತಿಳಿಯದ ಮಲಯಾಳ ಪದಗಳಲ್ಲಿ ಮಾತ್ರವಲ್ಲ, ತಿಳಿದಿದೆ ಎಂದು ಭಾವಿಸಿದ ಪದಗಳಲ್ಲಿಯೂ ಹೌದು.

ಹೀಗೇಕಾಯಿತು?

ಕಾಸರಗೋಡು 1956ರ ಅಕ್ಟೋಬರ್ ಕೊನೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಆ ವರ್ಷದ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅದು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಕನ್ನಡ, ಮಲಯಾಳ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲವೂ ಕಿವಿಗೆ ಬೀಳುವ ಈ ಮಣ್ಣನ್ನು ಸಪ್ತಭಾಷಾ ಸಂಗಮ ಭೂಮಿ ಎಂದು ಕರೆಯುವುದು ರೂಢಿ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಈ ಭಾಷೆಗಳು ಒಂದಕ್ಕೊಂದು ತೊಡಕಾಗುವುದಿಲ್ಲ. ಅರ್ಥವಾಗದಿದ್ದರೆ ಕೈಸನ್ನೆ ಇದೆ, ನಗು ಇದೆ, ಮರುಪ್ರಶ್ನೆ ಇದೆ. ತೊಡಕು ಬರುವುದು ಕಾಗದದಲ್ಲಿ. ಕಾಗದಕ್ಕೆ ಮರುಪ್ರಶ್ನೆ ಹಾಕುವಂತಿಲ್ಲ.

ಕನ್ನಡ, ಮಲಯಾಳ ಎರಡೂ ದ್ರಾವಿಡ ಭಾಷೆಗಳು. ಎರಡೂ ಸಂಸ್ಕೃತದಿಂದ ಧಾರಾಳವಾಗಿ ಪದಗಳನ್ನು ಪಡೆದಿವೆ. ಅರಬಿ, ಪಾರಸಿ ಮೂಲದ ಆಡಳಿತ ಪದಗಳೂ ಎರಡರಲ್ಲಿಯೂ ಇವೆ. ಆದರೆ ಸಂಸ್ಕೃತದ ಒಂದು ಪದಕ್ಕೆ ನಾಲ್ಕಾರು ಅರ್ಥಗಳಿರುತ್ತವೆ. ಕನ್ನಡ ಅದರಲ್ಲಿ ಒಂದನ್ನು ಹಿಡಿಯಿತು, ಮಲಯಾಳ ಇನ್ನೊಂದನ್ನು ಹಿಡಿಯಿತು. ಒಂದೇ ಮನೆಯಿಂದ ಹೊರಟ ಅಣ್ಣತಮ್ಮಂದಿರು ಬೇರೆ ಬೇರೆ ಊರಲ್ಲಿ ಬೇರೆ ಬೇರೆ ಕಸುಬು ಹಿಡಿದಂತೆ.

ಕಚೇರಿಯ ಬಾಗಿಲಲ್ಲಿ

ಮೊದಲು 'ಅವಕಾಶ'ವನ್ನೇ ನೋಡಬಹುದು. ಸಂಸ್ಕೃತದಲ್ಲಿ ಇದಕ್ಕೆ ಎಡೆ, ಜಾಗ ಎಂಬ ಅರ್ಥವಿದೆ. ಕನ್ನಡದಲ್ಲಿ ಅದು ಸಂದರ್ಭ, ಅನುಕೂಲ, ಸಾಧ್ಯತೆ ಆಯಿತು. "ಒಂದು ಅವಕಾಶ ಕೊಡಿ" ಎಂದರೆ ಬೇಡಿಕೊಂಡಂತೆ. ಮಲಯಾಳದಲ್ಲಿ ಅದೇ ಪದ ಹಕ್ಕು ಎಂಬ ಅರ್ಥಕ್ಕೆ ಬಂದಿತು. ಮನುಷ್ಯಾವಕಾಶಂ ಎಂದರೆ ಮಾನವ ಹಕ್ಕು. 2005ರ ಮಾಹಿತಿ ಹಕ್ಕು ಕಾಯ್ದೆಗೆ ಅಲ್ಲಿ ವಿವರಾವಕಾಶ ನಿಯಮಂ ಎಂದು ಹೆಸರು. "ನಿಮಗೆ ಅವಕಾಶವಿದೆ" ಎಂಬ ವಾಕ್ಯವನ್ನು ಕನ್ನಡಿಗ ಓದಿದರೆ "ಆಗಬಹುದು, ನೋಡೋಣ" ಎಂದುಕೊಳ್ಳುತ್ತಾನೆ. ಮಲಯಾಳದವರು ಓದಿದರೆ "ಇದು ನನ್ನದು, ಕೊಡಲೇಬೇಕು" ಎಂದು ತಿಳಿಯುತ್ತಾರೆ. ಅಂತರ ಅಜಗಜಾಂತರವೇ ಸರಿ.

ಇದರ ಜತೆಗೇ ಬಂದ 'ನಿಯಮ'ವೂ ಗಮನಿಸತಕ್ಕದ್ದು. ಕನ್ನಡದ ಕಾನೂನು ಭಾಷೆಯಲ್ಲಿ ಕಾಯ್ದೆ ಬೇರೆ, ಅದರ ಅಡಿಯಲ್ಲಿ ರೂಪಿಸುವ ನಿಯಮ ಬೇರೆ. ಮಲಯಾಳದಲ್ಲಿ ನಿಯಮಂ ಎಂದರೆ ಕಾಯ್ದೆಯೇ. ಆದ್ದರಿಂದಲೇ ಅಲ್ಲಿ ವಿಧಾನಸಭೆಗೆ ನಿಯಮಸಭ ಎನ್ನುತ್ತಾರೆ. ಕನ್ನಡದ ನಿಯಮಕ್ಕೆ ಅಲ್ಲಿ ಚಟ್ಟಂ ಎಂಬ ಪದವಿದೆ. ಕನ್ನಡಿಗನ ಮನಸ್ಸಿನಲ್ಲಿ ಚಟ್ಟ ಎಂದೊಡನೆ ಹೆಣ ಹೊರುವ ಬಿದಿರಿನ ಏಣಿ ಸುಳಿಯುವುದು ಸಹಜ. ಹೆದರಬೇಕಾಗಿಲ್ಲ, ಅದು ಬರೇ ನಿಯಮಾವಳಿ.

'ಅಪೇಕ್ಷೆ' ಕನ್ನಡದಲ್ಲಿ ಮನಸ್ಸಿನ ಬಯಕೆ. ಮಲಯಾಳದಲ್ಲಿ ಅಪೇಕ್ಷ ಎಂದರೆ ಕಾಗದದ ಮೇಲೆ ಬರೆದುಕೊಟ್ಟ ಮನವಿ, ಅಂದರೆ ಕನ್ನಡದ ಅರ್ಜಿ. ಹಾಗಾದರೆ ಅರ್ಜಿ ಎಂದರೆ ಏನಾಗುತ್ತದೆ? ಮಲಯಾಳದಲ್ಲಿ ಹರ್ಜಿ ಎಂಬ ಪದವಿದೆ, ಮೂಲ ಒಂದೇ. ಆದರೆ ಅದು ಹೆಚ್ಚಾಗಿ ನ್ಯಾಯಾಲಯಕ್ಕೆ ಸಲ್ಲಿಸುವ ದೂರುಮನವಿಗೆ ಸಲ್ಲುತ್ತದೆ. ಪಂಚಾಯತಿನಲ್ಲಿ "ಅರ್ಜಿ ಕೊಡಲು ಬಂದೆ" ಎಂದರೆ ಈ ಪ್ರದೇಶದ ನೌಕರರಿಗೆ ಅರ್ಥವಾಗುತ್ತದೆ. ತೆಂಕಣ ಜಿಲ್ಲೆಯಿಂದ ಹೊಸದಾಗಿ ವರ್ಗವಾಗಿ ಬಂದವರಿಗೆ ಒಂದು ಕ್ಷಣ ಗಾಬರಿಯಾದರೂ ಆಶ್ಚರ್ಯವಿಲ್ಲ.

ಅರ್ಜಿ ಕೊಟ್ಟ ಮೇಲೆ ಬರುವುದು 'ಉತ್ತರವ್'. ಕನ್ನಡದ ಉತ್ತರ ಎಂದರೆ ಮರುಮಾತು. ಮಲಯಾಳದ ಉತ್ತರವ್ ಎಂದರೆ ಸರಕಾರದ ಆದೇಶ. "ಸರಕಾರದ ಉತ್ತರವು ಬಂದಿದೆ" ಎಂದು ಯಾರಾದರೂ ಹೇಳಿದರೆ ಅದು ಪತ್ರಕ್ಕೆ ಬಂದ ಜವಾಬೋ, ಪಾಲಿಸಲೇಬೇಕಾದ ಆಜ್ಞೆಯೋ ಎಂದು ಕೇಳಿ ತಿಳಿದುಕೊಳ್ಳುವುದು ಕ್ಷೇಮ. ಜವಾಬಿಗೆ ಮರುಜವಾಬು ಬರೆಯಬಹುದು. ಆದೇಶಕ್ಕೆ ಗಡುವು ಇರುತ್ತದೆ.

'ಅನುವಾದ'ದ ಕತೆ ಇನ್ನೂ ಸ್ವಾರಸ್ಯದ್ದು. ಸಂಸ್ಕೃತದಲ್ಲಿ ಅನುವಾದ ಎಂದರೆ ಒಬ್ಬರು ಹೇಳಿದ್ದನ್ನು ಹಿಂದಿನಿಂದ ಮತ್ತೆ ಹೇಳುವುದು. ಕನ್ನಡದಲ್ಲಿ ಒಂದು ಭಾಷೆಯ ಮಾತನ್ನು ಇನ್ನೊಂದರಲ್ಲಿ ಹೇಳುವುದಾಯಿತು. ಮಲಯಾಳದಲ್ಲಿ ಅನುವಾದಂ ಎಂದರೆ ಅನುಮತಿ. "ಅನುವಾದವಿಲ್ಲದೆ ಪ್ರವೇಶವಿಲ್ಲ" ಎಂಬ ಫಲಕ ಕನ್ನಡ ಲಿಪಿಯಲ್ಲಿ ಕಂಡರೆ, ಒಳಗೆ ಹೋಗಲು ತರ್ಜುಮೆದಾರರನ್ನು ಕರೆದೊಯ್ಯಬೇಕೆಂದು ತಿಳಿಯಬಾರದು. ಹಾಗೆಯೇ 'ಉದ್ಯೋಗಸ್ಥ' ಎಂದರೆ ಕನ್ನಡದಲ್ಲಿ ಕೆಲಸದಲ್ಲಿರುವ ಯಾರೂ ಆಗಬಹುದು. ಮಲಯಾಳದ ಉದ್ಯೋಗಸ್ಥನ್ ಮಾತ್ರ ಅಧಿಕಾರಿ. 'ಕೈಕೂಲಿ' ಎಂಬುದನ್ನು ಕೈಕೆಲಸದ ಕೂಲಿ ಎಂದು ತಿಳಿದು ಯಾರಿಗೂ ನೀಡಹೋಗಬಾರದು. ಅಲ್ಲಿ ಅದು ಲಂಚ.

ಜಾಗದ ಕಾಗದ

ಭೂಮಿಯ ವ್ಯವಹಾರದಲ್ಲಿ ಈ ಪದಗಳು ಒಂದರ ಮೇಲೊಂದು ಪೇರಿಸಿಕೊಂಡು ಬರುತ್ತವೆ. ಸ್ವಾಧೀನ ಪ್ರಮಾಣಪತ್ರಕ್ಕೆ ಕೇರಳದಲ್ಲಿ ಕೈವಶಾವಕಾಶ ಸರ್ಟಿಫಿಕೇಟ್ ಎಂದು ಹೆಸರು. ಕನ್ನಡದ ಕಿವಿಗೆ ಅದು ಏನೋ ಕೈವಶವಾಗುವ ಸಂದರ್ಭ ಎಂಬಂತೆ ಕೇಳಿಸುತ್ತದೆ. ಬಿಡಿಸಿ ನೋಡಿದರೆ ಕೈವಶ ಎಂದರೆ ಸ್ವಾಧೀನ, ಅವಕಾಶ ಎಂದರೆ ಹಕ್ಕು. ಜಾಗ ತನ್ನ ಹಿಡಿತದಲ್ಲಿದೆ ಎಂಬುದಕ್ಕೆ ಕಚೇರಿ ಕೊಡುವ ಪತ್ರ ಇದು. ಅದರಂತೆ ಅವಕಾಶಿ ಎಂದರೆ ಹಕ್ಕುದಾರ. ಅನಂತರಾವಕಾಶಿ ಎಂದರೆ ವಾರಸುದಾರ. ಮನೆಯ ಹಿರಿಯರು ತೀರಿಕೊಂಡಾಗ ಬೇಕಾಗುವ ವಾರಸು ಪ್ರಮಾಣಪತ್ರಕ್ಕೆ ಇದೇ ಹೆಸರು. ಅವಕಾಶ ಎಂದರೆ ಹಕ್ಕು ಎಂಬ ಒಂದು ಅರ್ಥ ತಿಳಿದರೆ ಎರಡು ಮುಖ್ಯ ಕಾಗದಗಳ ಹೆಸರು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

'ಪೋಕ್ಕುವರವ್' ಎಂಬ ಮಾತು ಕೇಳಲು ಕಠಿಣ, ಬಿಡಿಸಿದರೆ ಸರಳ. ಮಲಯಾಳದ ಪೋಕ್ಕ್ ಎಂದರೆ ಹೋಗುವಿಕೆ. ಕನ್ನಡದ ಹೋಗು, ತುಳುವಿನ ಪೋ ಇವೆಲ್ಲ ಇದರ ಬಳಗ. ವರವ್ ಎಂದರೆ ಬರುವಿಕೆ. ಜಾಗ ಒಬ್ಬರ ಹೆಸರಿನಿಂದ ಹೋಗಿ ಇನ್ನೊಬ್ಬರ ಹೆಸರಿಗೆ ಬರುವುದೇ ಪೋಕ್ಕುವರವ್. ಕನ್ನಡದಲ್ಲಿ ಇದನ್ನು ಖಾತೆ ಬದಲಾವಣೆ ಎನ್ನುತ್ತಾರೆ. ಹ, ಪ, ವ, ಬ ಅಕ್ಷರಗಳ ಈ ಅದಲುಬದಲು ತಿಳಿದವರಿಗೆ ಮಲಯಾಳದ ಅರ್ಧದಷ್ಟು ಭಯ ಕಡಿಮೆಯಾಗುತ್ತದೆ. ಅಲ್ಲಿನ ಪಾಲ್ ಇಲ್ಲಿನ ಹಾಲು, ಅಲ್ಲಿನ ವಿತ್ತ್ ಇಲ್ಲಿನ ಬಿತ್ತು.

ಠಾಣೆ ಮತ್ತು ಕೋರ್ಟು

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ. ಕನ್ನಡದಲ್ಲಿ 'ಪ್ರತಿ' ಎಂದರೆ ನಕಲು. "ಒಂದು ಪ್ರತಿ ಕೊಡಿ" ಎಂದು ದಿನಕ್ಕೆ ಹತ್ತು ಬಾರಿ ಹೇಳುತ್ತಾರೆ. ಮಲಯಾಳದಲ್ಲಿ ಪ್ರತಿ ಎಂದರೆ ಎದುರು ಕಕ್ಷಿ, ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿ. ಒನ್ನಾಂ ಪ್ರತಿ ಎಂದರೆ ಮೊದಲನೇ ನಕಲಲ್ಲ, ಮೊದಲನೇ ಆರೋಪಿ. ದೂರು ಕೊಟ್ಟವನೇ ಕೊನೆಗೆ ಅಪರಾಧಿಯ ಸ್ಥಾನದಲ್ಲಿ ನಿಲ್ಲುವಂತಾದಾಗ "ವಾದಿ ಪ್ರತಿಯಾಯಿ" ಎಂಬ ನುಡಿ ಅಲ್ಲಿ ಬಳಕೆಯಲ್ಲಿದೆ. ಸಂಸ್ಕೃತದಲ್ಲಿ ಪ್ರತಿ ಎಂಬುದಕ್ಕೆ ಎದುರು ಎಂಬ ಅರ್ಥ ಇದ್ದೇ ಇದೆ. ಕನ್ನಡದ ಪ್ರತಿವಾದಿ, ಪ್ರತಿಸ್ಪರ್ಧಿ ಎಂಬ ಪದಗಳಲ್ಲಿ ಅದು ಉಳಿದಿದೆ.

'ಅನ್ಯಾಯ' ಎರಡೂ ಭಾಷೆಗಳಲ್ಲಿ ನ್ಯಾಯವಲ್ಲದ್ದು. ಆದರೆ ಮಲಯಾಳದ ಕೋರ್ಟು ಭಾಷೆಯಲ್ಲಿ ಅನ್ಯಾಯಂ ಎಂದರೆ ಸಿವಿಲ್ ದಾವೆಯ ದೂರುಪತ್ರವೂ ಹೌದು. ಅನ್ಯಾಯಕ್ಕಾರನ್ ಎಂದು ಕಾಗದದಲ್ಲಿ ಬರೆದಿದ್ದರೆ ಅನ್ಯಾಯ ಮಾಡಿದವನೆಂದು ಸಿಟ್ಟಾಗಬೇಕಿಲ್ಲ. ದಾವೆ ಹೂಡಿದವನು ಎಂದಷ್ಟೇ ಅದರ ಅರ್ಥ.

'ವಿಧಿ' ಎಂದರೆ ಕನ್ನಡಿಗನಿಗೆ ಹಣೆಬರಹ, ಇಲ್ಲವೇ ಕಟ್ಟಳೆ. ಮಲಯಾಳದಲ್ಲಿ ಹಣೆಬರಹದ ಜತೆಗೆ ನ್ಯಾಯಾಲಯದ ತೀರ್ಪೂ ವಿಧಿಯೇ. ಹಣೆಬರಹಕ್ಕೆ ಮೇಲ್ಮನವಿ ಇಲ್ಲ, ಕೋರ್ಟಿನ ವಿಧಿಗೆ ಉಂಟು. ಇದನ್ನು ತಿಳಿಯದೆ ಕೈಚೆಲ್ಲಿ ಕುಳಿತರೆ ಮೇಲ್ಮನವಿಯ ಗಡುವು ದಾಟಿಹೋಗುತ್ತದೆ.

'ರಾಜಿ' ಎಂಬುದು ಒಪ್ಪಿಗೆ, ಸಮಾಧಾನ ಎಂಬರ್ಥದ ಅರಬಿ ಮೂಲದ ಪದ. ಕನ್ನಡದಲ್ಲಿ ರಾಜಿಯಾಗುವುದು ಎಂದರೆ ಜಗಳ ಬಿಟ್ಟು ಒಂದಾಗುವುದು. ಮಲಯಾಳದಲ್ಲಿ ರಾಜಿ ಎಂದರೆ ರಾಜೀನಾಮೆ. ಪಂಚಾಯತು ಅಧ್ಯಕ್ಷರು ರಾಜಿ ವೆಚ್ಚು ಎಂದು ಮಲಯಾಳ ಪತ್ರಿಕೆಯಲ್ಲಿ ಓದಿ, ಪಕ್ಷದೊಳಗಿನ ಕಲಹ ತೀರಿತೆಂದು ಸಂತೋಷಪಡುವಂತಿಲ್ಲ. ಅವರು ಕುರ್ಚಿ ಬಿಟ್ಟಿದ್ದಾರೆ. ಕನ್ನಡದ ರಾಜಿಗೆ ಅಲ್ಲಿ ಒತ್ತುತೀರ್ಪ್ ಎಂಬ ಮಾತಿದೆ. ಸಂಧಾನಕ್ಕೆ ಕುಳಿತಾಗ "ನಾನು ರಾಜಿಗೆ ಸಿದ್ಧ" ಎಂದು ಹೇಳುವವರು ಎದುರಿಗಿರುವವರ ಭಾಷೆ ಯಾವುದೆಂದು ನೋಡಿ ಹೇಳುವುದು ಒಳ್ಳೆಯದು.

ಪೇಟೆ, ಶಾಲೆ, ಸಭೆ

ಪೇಟೆಯ ಮಾತುಗಳಲ್ಲಿ ನಷ್ಟ ಕಡಿಮೆ, ನಗು ಹೆಚ್ಚು. ಬಸ್ ಸಮರಂ ಎಂದರೆ ಬಸ್ಸುಗಳ ಯುದ್ಧವಲ್ಲ, ಮುಷ್ಕರ. ಸ್ವಾತಂತ್ರ್ಯ ಸಮರ ಎಂಬ ಪ್ರಯೋಗ ಎರಡೂ ಭಾಷೆಗಳಲ್ಲಿದೆ. ಆ ಹೋರಾಟದ ಅರ್ಥವನ್ನೇ ಮಲಯಾಳ ದಿನಬಳಕೆಗೂ ತಂದುಕೊಂಡಿತು. ಪತ್ರಂ ಎಂದರೆ ವೃತ್ತಪತ್ರಿಕೆ, ಪಣಂ ಎಂದರೆ ಹಣ, ಪಟ್ಟಿ ಎಂದರೆ ನಾಯಿ. ಮತದಾರರ ಪಟ್ಟಿ ಎಂದು ಕನ್ನಡದಲ್ಲಿ ಜೋರಾಗಿ ಹೇಳುವಾಗ ಪಕ್ಕದ ಮಲಯಾಳಿ ಮಿತ್ರರು ಮುಗುಳ್ನಕ್ಕರೆ ಕಾರಣ ಇದು. ಸಂಸಾರಂ ಎಂದರೆ ಮಾತುಕತೆ. "ಅವರ ಜತೆ ಸಂಸಾರಿಚ್ಚು" ಎಂದು ಒಬ್ಬರು ಹೇಳಿದರೆ ಮಾತನಾಡಿದರು ಎಂದಷ್ಟೇ ತಿಳಿಯಬೇಕು.

'ಪ್ರಸಂಗ'ದ ವಿಷಯ ಈ ಊರಿಗೆ ಹತ್ತಿರದ್ದು. ಕುಂಬಳೆಯ ಪಾರ್ತಿಸುಬ್ಬನ ನಾಡಿನಲ್ಲಿ ಪ್ರಸಂಗ ಎಂದರೆ ಯಕ್ಷಗಾನದ ಕಥಾನಕ. ಮಲಯಾಳದಲ್ಲಿ ಪ್ರಸಂಗಂ ಎಂದರೆ ಭಾಷಣ. ಮಂತ್ರಿಯವರ ಪ್ರಸಂಗ ಸಂಜೆ 5 ಗಂಟೆಗೆ ಎಂದರೆ ಚೆಂಡೆ ಮದ್ದಳೆ ಇರುವುದಿಲ್ಲ. ಆದರೆ ಈ ಅರ್ಥ ಕನ್ನಡಕ್ಕೆ ಪೂರ್ತಿ ಹೊರಗಿನದೂ ಅಲ್ಲ. ಹೆಚ್ಚು ಮಾತನಾಡುವವನನ್ನು ಕನ್ನಡದಲ್ಲಿಯೂ ಅಧಿಕಪ್ರಸಂಗಿ ಎನ್ನುತ್ತಾರೆ, ಮಲಯಾಳದಲ್ಲಿಯೂ ಹಾಗೆಯೇ ಎನ್ನುತ್ತಾರೆ. ಮಾತು ಎಂಬ ಅರ್ಥ ಆ ಬೈಗುಳದಲ್ಲಿ ಅಡಗಿ ಕುಳಿತಿದೆ.

'ಸಂಭಾವನೆ'ಯಲ್ಲಿ ಹಣದ ದಿಕ್ಕೇ ಬದಲಾಗುತ್ತದೆ. ಕನ್ನಡದಲ್ಲಿ ಅದು ಕಲಾವಿದರು, ಲೇಖಕರು ಕೆಲಸಕ್ಕಾಗಿ ಪಡೆಯುವ ಗೌರವಧನ. ಮಲಯಾಳದಲ್ಲಿ ಸಾರ್ವಜನಿಕರು ಕೊಡುವ ದೇಣಿಗೆ. ಸಂಭಾವನ ಎಂದು ಮುದ್ರಿಸಿದ ರಶೀದಿ ಪುಸ್ತಕ ಹಿಡಿದು ಬಂದವರು ಕೊಡಲು ಬಂದವರಲ್ಲ.

ಶಾಲೆಯಲ್ಲಿ 'ಅವಧಿ' ಎಂದರೆ ಕನ್ನಡ ಮಾಧ್ಯಮದ ಮಗುವಿಗೆ ಪಾಠದ ಪಿರಿಯಡ್. ಮಲಯಾಳದಲ್ಲಿ ಅವಧಿ ಎಂದರೆ ರಜೆ. ಒಂದೇ ಕಟ್ಟಡದಲ್ಲಿ ಎರಡು ಮಾಧ್ಯಮದ ತರಗತಿಗಳಿರುವಲ್ಲಿ "ನಾಳೆ ಅವಧಿ ಇದೆ" ಎಂಬ ಮಾತಿನಿಂದ ಅರ್ಧ ಮಕ್ಕಳು ಚೀಲ ತುಂಬಿಸಿಕೊಳ್ಳಬೇಕು, ಇನ್ನರ್ಧ ಮಕ್ಕಳು ಆಟಕ್ಕೆ ಹೊರಡಬೇಕು. 'ಉಪನ್ಯಾಸ' ಕನ್ನಡದಲ್ಲಿ ವೇದಿಕೆಯಲ್ಲಿ ಮಾಡುವ ಭಾಷಣ, ಮಲಯಾಳದಲ್ಲಿ ಕಾಗದದ ಮೇಲೆ ಬರೆಯುವ ಪ್ರಬಂಧ. 'ಭಾವನೆ' ಕನ್ನಡದಲ್ಲಿ ಮನಸ್ಸಿನ ಅನಿಸಿಕೆ, ಮಲಯಾಳದಲ್ಲಿ ಕಲ್ಪನೆ. ಪ್ರಶ್ನೆಪತ್ರಿಕೆಯನ್ನು ಮಲಯಾಳದಿಂದ ಕನ್ನಡಕ್ಕೆ ತರುವವರು ಈ ಪದಗಳನ್ನು ಹಾಗೆಯೇ ಉಳಿಸಿದರೆ ಉತ್ತರ ಬಲ್ಲ ವಿದ್ಯಾರ್ಥಿಯೂ ಅಂಕ ಕಳೆದುಕೊಳ್ಳುತ್ತಾನೆ. ಓದು ಕಡಿಮೆಯಾಗಿ ಹೋದ ಅಂಕಕ್ಕೆ ಮಗುವನ್ನು ಗದರಬಹುದು, ಪದ ಅದಲುಬದಲಾಗಿ ಹೋದ ಅಂಕಕ್ಕೆ ಯಾರನ್ನು ಗದರುವುದು?

ಕೂಡಿ ಬಾಳಿದ ಮಾತುಗಳು

ಬೇರೆಯಾದ ಮಾತುಗಳನ್ನೇ ಎಣಿಸುತ್ತಾ ಹೋದರೆ ಅರ್ಧ ಸತ್ಯವಾದೀತು. "ಏನು ವಿಶೇಷ?" ಎಂದು ಇಲ್ಲಿಯೂ ಕೇಳುತ್ತಾರೆ, "ಎಂದಾ ವಿಶೇಷಂ?" ಎಂದು ಅಲ್ಲಿಯೂ ಕೇಳುತ್ತಾರೆ. ಹೊಸದಾಗಿ ಮದುವೆಯಾದ ಮನೆಯಲ್ಲಿ ಅದೇ ಪ್ರಶ್ನೆ ಕೇಳಿದರೆ ಎರಡೂ ಕಡೆ ಸೊಸೆ ನಾಚುತ್ತಾಳೆ, ಏಕೆಂದರೆ ಆಗ ವಿಶೇಷ ಎಂದರೆ ಬಸಿರು. ವಯಸ್ಸಿಗೆ ಪ್ರಾಯ ಎನ್ನುವುದು ಮಲಯಾಳದಲ್ಲಿಯೂ ಇದೆ, ಕರಾವಳಿ ಕನ್ನಡದಲ್ಲಿಯೂ ಇದೆ, ತುಳುವಿನಲ್ಲಿಯೂ ಇದೆ. ಕಾಯಿಲೆ ಬಿದ್ದವರನ್ನು ಅಲ್ಲಿ ಸುಖಮಿಲ್ಲ ಎನ್ನುತ್ತಾರೆ, ಇಲ್ಲಿ ಸೌಖ್ಯವಿಲ್ಲ ಎನ್ನುತ್ತಾರೆ. ರೋಗದ ಹೆಸರನ್ನು ಎತ್ತದೆ ನಯವಾಗಿ ಹೇಳುವ ಕ್ರಮ ಒಂದೇ.

ಹೊರಡುವಾಗ "ಹೋಗುತ್ತೇನೆ" ಎಂದು ಹಿರಿಯರಿದ್ದ ಮನೆಯಲ್ಲಿ ಹೇಳಬಾರದು, "ಹೋಗಿ ಬರುತ್ತೇನೆ" ಎನ್ನಬೇಕು. ಮಲಯಾಳದಲ್ಲಿ "ಪೋಯಿಟ್ಟ್ ವರಾಂ", ತುಳುವಿನಲ್ಲಿ "ಪೋದು ಬರ್ಪೆ". ಹೋಗುವುದರ ಬೆನ್ನಿಗೇ ಬರುವುದನ್ನೂ ಸೇರಿಸದಿದ್ದರೆ ಅಶುಭ ಎಂಬ ನಂಬಿಕೆ ಮೂರು ಭಾಷೆಗಳಿಗೂ ಸಾಮಾನ್ಯ. ಭೂಮಿಯ ಪೋಕ್ಕುವರವಿನಲ್ಲಿ ಇರುವುದೂ ಇದೇ ಹೋಗು ಮತ್ತು ಬರು.

ಲಿಪಿ ಬದಲಾದರೆ ಸಾಲದು

ಮಲಯಾಳದ ಪ್ರಕಟಣೆಯೊಂದನ್ನು ಅಕ್ಷರಕ್ಕೆ ಅಕ್ಷರ ಕನ್ನಡ ಲಿಪಿಗೆ ಇಳಿಸಿದರೆ ಅದು ಕನ್ನಡವಾಗುವುದಿಲ್ಲ. ಈ ಜಿಲ್ಲೆಯಲ್ಲಂತೂ ಅದು ಕನ್ನಡವಿಲ್ಲದಿರುವುದಕ್ಕಿಂತಲೂ ಅಪಾಯ. ಅಪೇಕ್ಷೆ, ಅವಕಾಶ, ಉತ್ತರವು, ಪ್ರತಿ ಎಂಬ ಪದಗಳು ಕನ್ನಡ ಅಕ್ಷರಗಳಲ್ಲಿ ಕಂಡೊಡನೆ ಓದುಗ ತನ್ನ ಮನೆಯ ಅರ್ಥವನ್ನೇ ತುಂಬಿಕೊಳ್ಳುತ್ತಾನೆ. ಅರ್ಜಿ, ಹಕ್ಕು, ಆದೇಶ, ಆರೋಪಿ ಎಂದು ಬರೆಯಲು ಹೆಚ್ಚಿನ ಖರ್ಚಿಲ್ಲ. ಎರಡೂ ಭಾಷೆ ಬಲ್ಲ ಒಬ್ಬರು ಒಮ್ಮೆ ಕಣ್ಣಾಡಿಸಿದರೆ ಸಾಕು.

ಸಂವಿಧಾನದ 350ನೇ ವಿಧಿಯಂತೆ ಯಾವನೇ ವ್ಯಕ್ತಿ ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಗೆ ಬಳಿಕ ತಂದ ತಿದ್ದುಪಡಿಯಲ್ಲಿ, ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಡನೆ ಪತ್ರವ್ಯವಹಾರ ಮಾಡಬಹುದೆಂದೂ ಅದಕ್ಕೆ ಅದೇ ಭಾಷೆಯಲ್ಲಿ ಮರುಪತ್ರ ಸಿಗಬೇಕೆಂದೂ ಬರೆಯಲಾಯಿತು. ಹಾಗಾದರೆ ಗಡಿನಾಡಿನ ಕನ್ನಡಿಗನಿಗೆ ಕನ್ನಡದಲ್ಲಿ ವ್ಯವಹರಿಸಲು ಇರುವುದು ಕನ್ನಡದ ಅರ್ಥದ ಅವಕಾಶವೋ, ಮಲಯಾಳದ ಅರ್ಥದ ಅವಕಾಶವೋ? ಕಾನೂನನ್ನು ಓದಿದರೆ ಅದು ಮಲಯಾಳದ ಅರ್ಥದ್ದು. ಅದು ದಾಕ್ಷಿಣ್ಯಕ್ಕೆ ಕೊಟ್ಟ ಎಡೆಯಲ್ಲ, ಹಕ್ಕು.

ಕೊನೆಯದಾಗಿ 'ಒಪ್ಪು'. ಮಲಯಾಳದಲ್ಲಿ ಒಪ್ಪ್ ಎಂದರೆ ಸಹಿ. "ಇವಿಡೆ ಒಪ್ಪಿಡಣಂ" ಎಂದರೆ ಇಲ್ಲಿ ರುಜು ಹಾಕಬೇಕು. ಕನ್ನಡದಲ್ಲಿ ಒಪ್ಪು ಎಂದರೆ ಸಮ್ಮತಿಸು. ಇವೆರಡು ದೂರದ ಅರ್ಥಗಳಲ್ಲ. ಹಳೆಯ ಕನ್ನಡ ಶಾಸನಗಳ ಕೊನೆಯಲ್ಲಿಯೂ ರುಜುವಿಗೆ ಒಪ್ಪ ಎಂಬ ಮಾತು ಸಿಗುತ್ತದೆ. ಸಹಿ ಹಾಕುವುದೆಂದರೆ ಬರೆದದ್ದಕ್ಕೆಲ್ಲ ಒಪ್ಪಿದಂತೆ ಎಂಬ ತಿಳಿವಳಿಕೆ ಆ ಒಂದು ಪದದಲ್ಲೇ ಇದೆ. ಆದುದರಿಂದ ಮೇಜಿನ ಆಚೆಯಿಂದ ಕಾಗದ ಮುಂದೆ ಸರಿದು ಬೆರಳು ಖಾಲಿ ಗೆರೆಯನ್ನು ತೋರಿಸಿದಾಗ, ಪರಿಚಿತವೆಂದು ಕಂಡ ಪದಗಳನ್ನೂ ಸೇರಿಸಿ "ಇದರ ಅರ್ಥವೇನು?" ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕೇಳಿದ ಮೇಲೆ ಒಪ್ಪುವುದಾದರೆ ಒಪ್ಪಿಡಬಹುದು.